ಮೂರನೆಯ ಬುಟ್ಟಿ

ಆಲಂಕಾರು
ಮಂಗಳವಾರ, ೧೨ ನವೆಂಬರ್ ೨೦೨೪

ಪ್ರೀತಿಯ ಶಮೀನಾ,

ಪುತ್ತೂರಿನಲ್ಲಿ ನೀನೂ ನಿನ್ನ ಮನೆಯವರೂ ಚೆನ್ನಾಗಿದ್ದೀರಿ ಎಂದುಕೊಳ್ಳುತ್ತೇನೆ. ಕೈಯಲ್ಲಿ ಫೋನಿರುವಾಗ ಇವಳಿಗೆ ಕಾಗದ ಬರೆಯುವ ಹುಚ್ಚು ಯಾಕೆ ಅಂತ ಕೇಳುತ್ತೀ. ಫೋನಿನಲ್ಲಿ ಹೇಳಿದರೆ ನೀನು ನಗುತ್ತೀ, ನಿನ್ನ ನಗು ಕೇಳಿ ನಾನೂ ನಕ್ಕು ಮಾತು ಬದಲಿಸುತ್ತೇನೆ. ಅದಕ್ಕೇ ಮೊದಲು ಹೇಳಬೇಕಾದದ್ದನ್ನು ಹೇಳಿಬಿಡುತ್ತೇನೆ. ಈ ವಾರವೇ ಬಂದು ನಿನ್ನ ಅಮ್ಮನನ್ನು ಕರೆದುಕೊಂಡು ಹೋಗು. ಐಸಮ್ಮ ಸ್ವಲ್ಪ ದಿನ ಈ ಊರಿನಲ್ಲಿರುವುದು ಬೇಡ.

ಅಪ್ಪನ ಹಿಟ್ಟಿನ ಮಿಲ್ಲಿದ್ದ ಜಾಗಕ್ಕೆ ಕಂಪನಿಯ ಸೂಪರ್ ಮಾರ್ಕೆಟ್ ಬಂದದ್ದು ನಿನಗೆ ಗೊತ್ತು. ಜಾಗ ಕೊಟ್ಟವಳು ನಾನೇ. ಅಪ್ಪ ಹೋದ ಮೇಲೂ ಮಿಲ್ಲು ನಡೆಸಿ, ಹುಡಿ ಕುಡಿದು ಕುಡಿದು, ಕೆಮ್ಮಿ ಕೆಮ್ಮಿ ನನಗೆ ಸಾಕಾಗಿಹೋಗಿತ್ತು. ಈಗ ಅಲ್ಲೇ ನೀಲಿ ಅಂಗಿ ತೊಟ್ಟು ಕೌಂಟರಿನಲ್ಲಿ ನಿಲ್ಲುತ್ತೇನೆ. ಎಸಿಯ ಚಳಿಗೆ ಬಾಳೆಹಣ್ಣಿಗೂ ಶೀತ ಹಿಡಿಯಬೇಕು. ಕೂರಲಿಕ್ಕೆ ಒಂದು ಬೆಂಚಿಲ್ಲ. ಯಾರ ಮಗಳಿಗೆ ಹೆರಿಗೆಯಾಯಿತು, ಯಾರಿಗೆ ಹುಷಾರಿಲ್ಲ ಎಂದು ಯಾರೂ ಯಾರನ್ನೂ ಕೇಳುವುದಿಲ್ಲ.

ಮಿಲ್ಲಿನ ಸಾಲು ನಿನಗೆ ನೆನಪಿರಬೇಕು. ಹೆಂಗಸರು ಡಬ್ಬಿಯನ್ನು ಸಾಲಿಗಿಟ್ಟು, ಬೆಂಚಿನಲ್ಲಿ ಕೂತು, ಇಡೀ ಊರಿನ ಸುದ್ದಿಯನ್ನು ನುಣ್ಣಗೆ ಹುಡಿ ಮಾಡುತ್ತಿದ್ದರು. ಡಬ್ಬಿ ಇದ್ದಲ್ಲಿ ಆ ಮನುಷ್ಯರೇ ಇದ್ದ ಹಾಗೆ. ಅದನ್ನು ಹಿಂದೆ ಮುಂದೆ ಮಾಡುವ ಹಕ್ಕು ಮಿಲ್ಲಿನವರಿಗೆ ಮಾತ್ರ. ಸಾಲಿಗೆ ಬಂದದ್ದನ್ನು ಹುಡಿ ಮಾಡದೆ ವಾಪಸ್ ಕಳಿಸಬಾರದು ಎಂಬುದು ಅಪ್ಪನ ಹಟ. ಕರೆಂಟು ಹೋದರೆ ಮರುದಿನ ಅದೇ ಸಾಲು, ಅದೇ ಕ್ರಮ. ನಮ್ಮ ಮನೆಯ ಡಬ್ಬಿಗೂ ರಿಯಾಯಿತಿ ಇರಲಿಲ್ಲ.

ಆ ಕ್ರಮವನ್ನು ನಾನು ಮುರಿದೆ. ಇವತ್ತೇ ಕೊನೆ ಎಂದು ಹೇಳುವ ಧೈರ್ಯ ಬರಲಿಲ್ಲ. ಆದ್ದರಿಂದ ಆ ದಿನವೂ ಸಾಲಿನಲ್ಲಿ ನಾಲ್ಕು ಡಬ್ಬಿಗಳಿದ್ದವು. ತಿಮ್ಮಕ್ಕನ ಮೆಣಸು, ಸೇವಂತಿಯಕ್ಕನ ಗೋಧಿ, ಪತ್ತಿರಿ ರೊಟ್ಟಿಗೆಂದು ನಿನ್ನ ಅಮ್ಮ ತಂದ ಅಕ್ಕಿ, ಮತ್ತೆ ನಮ್ಮ ಮನೆಯ ರಾಗಿ. ಹತ್ತು ಗಂಟೆಗೆ ಕಂಪನಿಯವರು ಬಂದು ಯಂತ್ರದ ವಯರು ಬಿಚ್ಚಿದರು. ಎಲ್ಲರ ಡಬ್ಬಿಯನ್ನು ಹಾಗೇ ವಾಪಸ್ ಕೊಟ್ಟೆ. ಎಂತ ಹರಿಣೀ, ನಾವು ನಿನಗೆ ಬೇಡವಾದ್ವಾ ಅಂತ ಸೇವಂತಿಯಕ್ಕ ಕೇಳಿದರು. ತಿಮ್ಮಕ್ಕ ಬೆಂಚಿನಿಂದ ಏಳಲೇ ಇಲ್ಲ. ಡಬ್ಬಿ ಬೇಕಾದ್ರೆ ಕೊಂಡೋಗ್ತೇನೆ, ನನ್ನ ಸರದಿ ಮಾತ್ರ ಇಲ್ಲೇ ಉಂಟು ಮಾರಾಯ್ತಿ ಅಂದರು. ನಾನು ನಕ್ಕುಬಿಟ್ಟೆ.

ಕಳೆದ ತಿಂಗಳು ಒಂದು ಬೆಳಿಗ್ಗೆ ಶಟರು ಎತ್ತಿದೆ. ಗಿರಾಕಿಗಳು ಹಿಡಿದುಕೊಂಡು ತಿರುಗುವ ಪ್ಲಾಸ್ಟಿಕ್ ಬುಟ್ಟಿಗಳಲ್ಲಿ ನಾಲ್ಕು, ಹಿಂದೆ ಯಂತ್ರವಿದ್ದ ಕಡೆಗೆ ಮುಖಮಾಡಿ ಸಾಲಾಗಿ ನಿಂತಿದ್ದವು. ಒಂದೊಂದರಲ್ಲಿ ಒಂದೊಂದು ಪ್ಯಾಕೆಟ್. ಮೊದಲನೆಯದರಲ್ಲಿ ಮೆಣಸಿನ ಹುಡಿ, ಎರಡನೆಯದರಲ್ಲಿ ಗೋಧಿ ಹಿಟ್ಟು, ಉಳಿದೆರಡರಲ್ಲಿ ಅಕ್ಕಿ ಹುಡಿ ಮತ್ತು ರಾಗಿ ಹುಡಿ. ಮ್ಯಾನೇಜರ್ ಲತೀಶ್ ಯಾರದೋ ಕಿತಾಪತಿ ಎಂದು ಎಲ್ಲವನ್ನೂ ಎತ್ತಿಡಿಸಿದ. ಕ್ಯಾಮೆರಾ ನೋಡಿದರೆ ಶಟರು ಹಾಕುವಾಗ ನೆಲ ಖಾಲಿ, ತೆಗೆಯುವಾಗ ಬುಟ್ಟಿಗಳುಂಟು. ನಡುವೆ ಒಂದು ನೊಣವೂ ಹಾರಿಲ್ಲ.

ಮೆಣಸಿನ ಪ್ಯಾಕೆಟ್ ಬೆಚ್ಚಗಿತ್ತು ಶಮೀನಾ. ಆಗಷ್ಟೇ ಮಿಲ್ಲಿನ ಬಾಯಿಂದ ಬಿದ್ದ ಹುಡಿಯ ಹಾಗೆ. ಅಂದು ಮಧ್ಯಾಹ್ನ ತಿಮ್ಮಕ್ಕ ಊಟಕ್ಕೆ ಕೂತಲ್ಲೇ ಹೋದರು. ಎಷ್ಟು ಎತ್ತಿಟ್ಟರೂ ದಿನಾ ಬೆಳಿಗ್ಗೆ ಬುಟ್ಟಿಗಳು ಮತ್ತೆ ಸಾಲು ನಿಲ್ಲುತ್ತಿದ್ದವು, ಆದರೆ ಮರುದಿನದಿಂದ ಮೂರೇ. ಎರಡು ವಾರ ಕಳೆದು ಗೋಧಿ ಹಿಟ್ಟು ಬೆಚ್ಚಗಾಯಿತು. ಆ ದಿನ ಕಡಬದ ಬಸ್ಸಿನಲ್ಲಿ ಸೇವಂತಿಯಕ್ಕ ಕಿಟಕಿಗೆ ತಲೆ ಒರಗಿಸಿದ್ದರಂತೆ. ಸ್ಟಾಪು ಬಂದಾಗ ಕಂಡಕ್ಟರ್ ಎಷ್ಟು ಕರೆದರೂ ಏಳಲಿಲ್ಲ.

ಈಗ ಇರುವುದು ಎರಡು. ಮುಂದೆ ನಿನ್ನ ಅಮ್ಮನ ಅಕ್ಕಿ ಹುಡಿ, ಅದರ ಹಿಂದೆ ನಮ್ಮ ರಾಗಿ. ಇವತ್ತು ಬೆಳಿಗ್ಗೆ ಅಕ್ಕಿ ಹುಡಿಯನ್ನು ಮುಟ್ಟಿ ನೋಡಿದೆ, ತಣ್ಣಗಿದೆ. ನಾಳೆಯದು ಗೊತ್ತಿಲ್ಲ. ಊರು ಬಿಟ್ಟರೆ ಸಾಲೂ ಬಿಟ್ಟೀತು ಎಂಬುದೊಂದೇ ನನ್ನ ಆಸೆ. ಹುಚ್ಚಿ ಎನ್ನು, ಬೈದುಕೋ, ಆದರೆ ಬಂದು ಕರೆದುಕೊಂಡು ಹೋಗು. ನನಗೆ ತುಂಬಾ ಹೆದರಿಕೆಯಾಗುತ್ತಿದೆ.

ನಿನ್ನೆ ಐಸಮ್ಮ ಅಂಗಡಿಗೆ ಬಂದಿದ್ದರು. ಏನೂ ಕೊಳ್ಳಲಿಲ್ಲ. ಬೆಂಚಿದ್ದಲ್ಲಿ ಈಗ ಶಾಂಪೂ ಜೋಡಿಸಿದ್ದಾರೆ, ಅದರ ಬದಿಯಲ್ಲಿ ಗೋಡೆಗೆ ಒರಗಿ ನಿಂತು ತುಂಬಾ ಹೊತ್ತು ನನ್ನನ್ನೇ ನೋಡಿದರು. ಎಂತ ಬೇಕಿತ್ತು ಎಂದು ಕೇಳಿದೆ. ಎಂತದ್ದೂ ಬೇಡ ಮಗಳೇ, ನನಗೆ ಅವಸರ ಇಲ್ಲ, ನಿನ್ನದು ಆಗ್ಲಿ ಮೊದಲು ಅಂದರು. ಯಾಕೆ ಹಾಗಂದರೋ ನನಗೆ ತಿಳಿಯಲಿಲ್ಲ.

ನಿನ್ನ ದಾರಿ ಕಾಯುತ್ತಿರುವ,
ಹರಿಣಾಕ್ಷಿ

ತಾ.ಕ.: ಲಕೋಟೆ ಅಂಟಿಸಿ ಮತ್ತೆ ಬಿಡಿಸಿದೆ. ಅವರು ಹಾಗಂದದ್ದು ಯಾಕೆಂದು ನನಗೆ ಗೊತ್ತು. ಕೊನೆಯ ದಿನ ಐಸಮ್ಮ ತಡವಾಗಿ ಬಂದಿದ್ದರು, ಅವರ ಡಬ್ಬಿ ನಾಲ್ಕನೆಯದು. ಮೂರನೆಯದು ನಮ್ಮ ರಾಗಿ. ಶನಿವಾರ ಬೆಳಿಗ್ಗೆ ಮುಟ್ಟಿದಾಗ ಅದು ಬೆಚ್ಚಗಾಗತೊಡಗಿತ್ತು. ಅಂಗಡಿಯಲ್ಲಿ ನಾನೊಬ್ಬಳೇ ಇದ್ದೆ. ಐಸಮ್ಮನ ಬುಟ್ಟಿಯನ್ನು ಎತ್ತಿ ನನ್ನದರ ಮುಂದಿಟ್ಟೆ, ಕೂಡಲೇ ರಾಗಿ ತಣ್ಣಗಾಯಿತು. ಅಂದಿನಿಂದ ಬುಟ್ಟಿಗಳು ಹಾಗೆಯೇ ನಿಲ್ಲುತ್ತಿವೆ. ಐಸಮ್ಮನದನ್ನು ಹಿಂದೆ ಇಡಬೇಕೆಂದು ದಿನಾ ಬೆಳಿಗ್ಗೆ ಕೈ ಹಾಕುತ್ತೇನೆ. ಇವತ್ತೂ ಇಟ್ಟಿಲ್ಲ.