ಇನ್ನೊಂದು ಕೈ

ಅಮ್ಮಾ,

ಈ ಕಾಗದವನ್ನು ಅಂಚೆಗೆ ಹಾಕುವುದಿಲ್ಲ. ನೀನೀಗ ಇರುವ ಕಡೆಯ ವಿಳಾಸ ಹುಡುಕಿಕೊಂಡು ಪಾಪ, ಆ ಅಂಚೆಯವನು ಎಲ್ಲಿ ಅಲೆಯಬೇಕು? ಆದರೂ ಇವತ್ತಿನದನ್ನು ನಿನಗೇ ಹೇಳಬೇಕು.

ಸೂರಿಲ್ಲದವರು ತಂಗುವ ಹಾಲ್‌ನಲ್ಲಿ ಕೂತು ಎಲ್ಲರ ಬಿಪಿ ನೋಡುತ್ತಿದ್ದೆ. ಮಧ್ಯಾಹ್ನದ ಬಿಸಿಲು ಕಿಟಕಿಯಲ್ಲಿ ಒಣಹಾಕಿದ್ದ ನೀಲಿ ಹೊದಿಕೆಗಳನ್ನು ಹಾದು ಬಂದು, ನಾವೆಲ್ಲ ನೀರಿನಡಿಯಲ್ಲಿ ಕೂತಿದ್ದೇವೇನೋ ಅನ್ನಿಸುತ್ತಿತ್ತು. ಆಗಲೇ ನೋಡಿ ಕಳಿಸಿದ್ದ ಅಜ್ಜಿಯೊಬ್ಬಳು ಮತ್ತೆ ಸಾಲಿನಲ್ಲಿ ನಿಂತು ನನ್ನ ಮುಂದೆ ಬಂದು ಕೂತಳು.

“ನಿಮ್ದು ಆಯ್ತಲ್ಲ ಅಜ್ಜಿ. ಗುಂಡುಕಲ್ಲಿನ ಹಾಗಿದ್ದೀರಿ.”

“ಈ ಕೈ ನೋಡಿಲ್ವಲ್ಲಮ್ಮ,” ಎಂದು ಇನ್ನೊಂದು ತೋಳು ಚಾಚಿದಳು.

ಪಟ್ಟಿ ಸುತ್ತಿ, ಮಣಿಕಟ್ಟು ಹಿಡಿದುಕೊಂಡೆ. ಅವಳು ಮೆಲ್ಲಗೆ ಕಣ್ಣು ಮುಚ್ಚಿದಳು. ಪಟ್ಟಿಯ ಗಾಳಿ ಪೂರಾ ಇಳಿದ ಮೇಲೂ ನಾನು ಕೈ ಬಿಡಲಿಲ್ಲ. ಹಿಂದೆ ನಿಂತವರು ಯಾರೂ ಅವಸರ ಮಾಡಲಿಲ್ಲ. ಅವಳು ಕೂತಲ್ಲೇ ನಿದ್ದೆಹೋದಳು.

ನಾನು ಇದೇ ಬಿಪಿ ಯಂತ್ರದ ಚೀಲ ಹೊತ್ತು ಮನೆಗೆ ಬಂದಾಗಲೆಲ್ಲ ನೀನು ರವಿಕೆಯ ತೋಳು ಮೇಲಕ್ಕೆ ಮಡಿಸಿಕೊಂಡು ಬಂದು ಎದುರಿಗೆ ಕೂರುತ್ತಿದ್ದೆ. ಪಾತ್ರೆ ತೊಳೆದು ಬಂದಿರಬೇಕು ಅಂದುಕೊಂಡು ನಾನು ಚೀಲವನ್ನು ಮೂಲೆಗಿಡುತ್ತಿದ್ದೆ.