ಇಪ್ಪತ್ತೊಂದು ದಿನ

ಜನವರಿ ೯, ಮಂಗಳವಾರ

ಬೆಳಗಿನ ಪಾಳಿ. ಕಾರವಾರ–ಅಂಕೋಲಾ, ಅಂಕೋಲಾ–ಕಾರವಾರ. ಟಿಕೆಟ್ ಮಷಿನ್ ಎರಡು ಸಲ ಕೈಕೊಟ್ಟಿತು. ಮೂರು ಗಂಟೆಗೆ ಶಿರವಾಡದ ಮನೆಗೆ ಬಂದರೆ ಅಂಗಳದಲ್ಲಿ ಆರೋಗ್ಯ ಇಲಾಖೆಯ ಇಬ್ಬರು. ಮನೆ ಮನೆ ತಪಾಸಣೆ. ಆಯಿಗೆ ಬಿಪಿ ನೋಡಿದರು. ನಿಮಗೆ ಶುಗರ್ ಜೊತೆ ಎಚ್‌ಐವಿಯನ್ನೂ ನೋಡಲೇ ಎಂದರು ನಾಗಶ್ರೀ ಸಿಸ್ಟರ್. ನೋಡಿ ಅಂದೆ. ನನಗೇನಾಗಿದೆ ಎಂಬ ಧೈರ್ಯ.

ಇಪ್ಪತ್ತು ನಿಮಿಷ. ಆಯಿ ಚಹಾ ಮಾಡಲು ಒಳಗೆ ಹೋದ ಮೇಲೆ ಸಿಸ್ಟರ್ ಮೆಲ್ಲಗೆ ಹೇಳಿದರು—

“ಸುಜಯ ಅವ್ರೇ, ಇದೇ ಕೊನೇ ರಿಪೋರ್ಟ್ ಅಲ್ಲ. ದೊಡ್ಡಾಸ್ಪತ್ರೇಲಿ ಮತ್ತೊಮ್ಮೆ ರಕ್ತ ಕೊಡೂಕೆ ಬೇಕು. ಔಷಧ ಅದೆ, ಪುಕ್ಕಟೆ. ತಡ ಮಾಡಬೇಡಿ.”

ಚೀಟಿ ಕೊಟ್ಟರು. ಅಂಗಿಯ ಕಿಸೆಯಲ್ಲಿದೆ.

ಜನವರಿ ೧೦

ನಿದ್ದೆಯಿಲ್ಲ. ದೀಕ್ಷಾ ಎಂಟು ತಿಂಗಳ ಬಸುರಿ, ಭಾವಿಕೇರಿಯ ತವರಿನಲ್ಲಿ. ಮೂರನೇ ತಿಂಗಳಲ್ಲಿ ಅವಳಿಗೂ ಈ ಪರೀಕ್ಷೆ ಆಗಿತ್ತು. ಏನೂ ಇರಲಿಲ್ಲ. ಆಮೇಲೆ? ಮದುವೆಗೆ ಮುಂಚೆ ನಾನು ಗೋವಾದಲ್ಲಿ ಎರಡು ವರ್ಷ... ಹೋಟೆಲ್ ಕೆಲಸ... ಬರೆಯಲಾರೆ.

ಜನವರಿ ೧೨

ಕಾರವಾರ ಸ್ಟ್ಯಾಂಡಿನಲ್ಲಿ ನಲವತ್ತು ನಿಮಿಷ ಬಿಡುವು. ಆಟೋ ಹಿಡಿದು ಆಸ್ಪತ್ರೆಗೆ ಹೋದೆ. ಸಾಲು ಬಾಗಿಲಿನ ಹೊರಗಿತ್ತು. ಎಲ್ಲರ ಕಣ್ಣು ನನ್ನ ಯೂನಿಫಾರ್ಮಿನ ಮೇಲೆ. ಸಾಲು ಕದಲಲಿಲ್ಲ. ವಾಪಸ್ ಓಡಿದೆ. ಬಸ್ಸು ಆರು ನಿಮಿಷ ತಡ.

“ಎಲ್ಲಿಗೆ ಹೋಗಿದ್ಯೋ ಮಾರಾಯಾ?” ಡ್ರೈವರ್ ಮಂಗೇಶಣ್ಣ.

“ಹೊಟ್ಟೆ ಸರಿ ಇಲ್ಲ.”

ರಜೆ ಬೇಕಾದರೆ ಡಿಪೋದಲ್ಲಿ ಕಾರಣ ಬರೆಯಬೇಕು. ನನ್ನ ವಾರದ ರಜೆ ಭಾನುವಾರ. ಆಸ್ಪತ್ರೆಯ ರಕ್ತ ಪರೀಕ್ಷೆಯ ಕೋಣೆಗೂ ಭಾನುವಾರ ಬಾಗಿಲು ಹಾಕಿರುತ್ತದೆ.

ಜನವರಿ ೨೪, ಬುಧವಾರ

ಹನ್ನೆರಡು ದಿನ ಬರೆಯಲಿಲ್ಲ. ನಾಗಶ್ರೀ ಸಿಸ್ಟರ್ ನಾಲ್ಕು ಸಲ ಫೋನ್ ಮಾಡಿದರು. ಎತ್ತಲಿಲ್ಲ. ಇವತ್ತು ಬಸ್ಸನ್ನೇ ಹತ್ತಿದರು. ಬಿಣಗಾಕ್ಕೆ ಟಿಕೆಟ್. ಹಿಂದಿನ ಸೀಟು, ಅಕ್ಕಪಕ್ಕ ಯಾರೂ ಇಲ್ಲ.

“ಹೆಂಡ್ತಿ ಬಸುರಿ ಅಂತ ಆಯಿ ಹೇಳಿದ್ರು. ಹೆರಿಗೆಗೆ ಮುಂಚೆ ಗೊತ್ತಾದ್ರೆ ಮಗೂಗೆ ಬರದ ಹಾಗೆ ಮಾಡೂಕೆ ದಾರಿ ಅದೆ. ಆಮೇಲೆ ಗೊತ್ತಾದ್ರೆ ಯಂತಾ ಮಾಡೂದು?”

“ರಜೆ ಸಿಗೂದಿಲ್ಲ ಸಿಸ್ಟರ್.”

“ಸೋಮವಾರ ಬನ್ನಿ. ಬಾಗಿಲ ಹತ್ರ ನಾನೇ ನಿಂತಿರ್ತೆ.”

ಜನವರಿ ೨೯, ಸೋಮವಾರ

ಹೊಟ್ಟೆನೋವು ಎಂದು ಅರ್ಜಿ ಬರೆದೆ. ಸಿಸ್ಟರ್ ನಿಂತಿದ್ದರು. ರಕ್ತ ಕೊಟ್ಟೆ. ಮಧ್ಯಾಹ್ನ ರಿಪೋರ್ಟ್. ಇದರಲ್ಲೂ ಅದೇ ಫಲಿತಾಂಶ.

ಎಚ್‌ಐವಿ ಔಷಧ ಕೊಡುವ ಎಆರ್‌ಟಿ ಕೋಣೆಯ ಮುಂದಿನ ಬೆಂಚಿನಲ್ಲಿ ವೈಜಯಂತಿ ಅಕ್ಕ! ದಿನಾ ಮೀನಿನ ಬುಟ್ಟಿ ಹೊತ್ತು ನನ್ನ ಬಸ್ಸಿಗೇ ಬರುವವಳು. ತಿರುಗಿ ಓಡೋಣ ಅನ್ನಿಸಿತು.

“ಕೂತ್ಕಳಿ ಕಂಡಕ್ಟರ್ರೇ. ನಾ ಗುಳಿಗೆ ತಿನ್ನೂಕೆ ಹಿಡ್ದು ಎಂಟು ವರ್ಷ ಆಯ್ತು. ಬುಟ್ಟಿ ಎತ್ತೂಕೆ ಇವತ್ತಿಗೂ ಯಾರೂ ಬೇಡ ನಂಗೆ.”

ಮತ್ತೇನೂ ಕೇಳಲಿಲ್ಲ. ಸ್ವಲ್ಪ ಸರಿದು ಜಾಗ ಕೊಟ್ಟಳು.

ಗುಳಿಗೆ ಸಿಕ್ಕಿತು. ಹೆಂಡತಿಯನ್ನು ಈ ವಾರವೇ ಕರೆತನ್ನಿ ಎಂದರು ಡಾಕ್ಟರು.

ಜನವರಿ ೩೦, ಸಂಜೆ, ಭಾವಿಕೇರಿ

ಹೇಳಿದೆ. ಹಿತ್ತಲಲ್ಲಿ, ಅತ್ತೆ ಪಕ್ಕದ ಮನೆಗೆ ಹೋದಾಗ. ದೀಕ್ಷಾ ಒಣಗಿದ ಬಟ್ಟೆ ಮಡಚುತ್ತಿದ್ದಳು. ನಿಲ್ಲಿಸಲಿಲ್ಲ. ಪೂರ್ತಿ ಮಡಚಿಟ್ಟಳು.

“ಯಾವಾಗ ಗೊತ್ತಾಯ್ತು?”

“ಒಂಬತ್ತಕ್ಕೆ.”

“ಇವತ್ತು ಮೂವತ್ತು.”

ಮಡಚಿದ ಬಟ್ಟೆ ಎತ್ತಿಕೊಂಡಳು.

“ಇಪ್ಪತ್ತೊಂದು ದಿನ. ನನ್ನ ಹೊಟ್ಟೇಲಿ ಇದ್ದದ್ದು ಒಂದ್ ದಿನಾನೂ ನೆನಪಾಗಲಿಲ್ಲ ನಿಮಗೆ?”

ನೆನಪಾಯಿತು ಎನ್ನಲೇ? ದಿನವೂ ಆಯಿತು. ಆದರೂ ಸುಮ್ಮನಿದ್ದೆನಲ್ಲ.

ಒಳಗೆ ಹೋಗುವಾಗ ಕೇಳಿದಳು, “ನಾಳೆ ಎಷ್ಟು ಗಂಟೆ ಬಸ್ಸು?”

ಜನವರಿ ೩೧, ದೊಡ್ಡಾಸ್ಪತ್ರೆ, ೧೨.೫೦

ಮತ್ತೆ ರಜೆ ಹಾಕಿದೆ. ಬಸ್ಸಿನಲ್ಲಿ ದೀಕ್ಷಾ ಹೆಂಗಸರ ಸೀಟಿನಲ್ಲಿ ಕೂತಳು. ನಾನು ಹಿಂದೆ. ಈಗ ಒಳಗೆ ಕರೆದರು. ಎದ್ದೆ. ನೀವು ಬರೂದು ಬೇಡ ಅಂದಳು. ಬಾಗಿಲು ಮುಚ್ಚಿದೆ...

೧.೪೦

ಇಲ್ಲ. ಅವಳಿಗೆ ಇಲ್ಲ. ಹೆರಿಗೆ ಹೊತ್ತಿಗೆ ಇನ್ನೊಮ್ಮೆ ನೋಡುತ್ತಾರಂತೆ. ನನಗೆ ಅಳು ಬಂತು. ಅವಳ ಮುಖ ಬದಲಾಗಲಿಲ್ಲ.

“ನಂಗೆ ಈಗ ನಿಮ್ಮ ಸಂಗಡ ಮಾತಾಡೂಕೆ ಆಗೂದಿಲ್ಲ. ಗುಳಿಗೆ ಮಾತ್ರ ಬಿಡಬೇಡಿ.”

ಫೆಬ್ರವರಿ ೨೧, ಬೆಳಿಗ್ಗೆ ೧೦.೧೫

ಅಂಕೋಲಾ ಸ್ಟ್ಯಾಂಡ್. ಅತ್ತೆಯ ಫೋನ್. ಹೆಣ್ಣು ಮಗು. ದೀಕ್ಷಾಳ ಎರಡನೇ ರಿಪೋರ್ಟಿನಲ್ಲೂ ಏನೂ ಇಲ್ಲ. ಆಮೇಲೆ ಫೋನ್ ದೀಕ್ಷಾಳ ಕೈಗೆ ಹೋಯಿತು. ಮೂರು ವಾರದಲ್ಲಿ ಮೊದಲ ಮಾತು.

“ನೋಡೂಕೆ ಬರ್ತ್ರಿ?”

ಬಸ್ಸು ಹೊರಡಲು ಐದು ನಿಮಿಷ. ಮಂಗೇಶಣ್ಣ ಹಾರ್ನ್ ಹೊಡೆಯುತ್ತಿದ್ದಾನೆ. ಬದಲಿ ಕಂಡಕ್ಟರ್ ಸಿಕ್ಕರೆ ಸರಿ, ಸಿಗದಿದ್ದರೂ ಹೋಗುತ್ತೇನೆ.