ಕುದಿಸಿದ ಚಿಪ್ಪುಗಳು

ಕೆಲಸದ ಕೋಣೆಯಿಂದ,
ಹದಿನಾಲ್ಕನೆಯ ತಾರೀಖು, ಗುರುವಾರ ಮಧ್ಯಾಹ್ನ

ಪ್ರೀತಿಯ ತಮ್ಮಾ,

ಬೆನ್ನುನೋವು ಹೇಗಿದೆ? ವೈದ್ಯರು ಹೇಳಿದಷ್ಟು ದಿನ ಮಲಗಿದ್ದೀಯೋ, ಇಲ್ಲ ಚಿಕ್ಕಮ್ಮನ ಕಣ್ಣು ತಪ್ಪಿಸಿ ಓಡಾಡುತ್ತಿದ್ದೀಯೋ? ನಿನ್ನ ಬುದ್ಧಿ ನನಗೆ ಗೊತ್ತು. ಅವಳ ಮಾತು ಕೇಳು. ನಾನು ಚೆನ್ನಾಗಿದ್ದೇನೆ ಎಂದು ಬರೆಯೋಣವೆಂದುಕೊಂಡೆ, ಆದರೆ ನಿನ್ನೆ ಬೆಳಗ್ಗೆಯಿಂದ ಹೊಟ್ಟೆಯಲ್ಲಿ ಒಂದು ತುತ್ತೂ ನಿಂತಿಲ್ಲ.

ಹೋಟೆಲಿನವರು ಬಸವನಹುಳುವಿನ ಚಿಪ್ಪಿನಾಕಾರದ ನಲವತ್ತು ದೀಪ ಕೇಳಿದ್ದು ನಿನಗೆ ಗೊತ್ತೇ ಇದೆ. ನೀನು ಚಿಕ್ಕಮ್ಮನ ಮನೆಗೆ ಹೋದ ಮೇಲೆ ನಾನೂ, ನಮ್ಮ ಪಾಲುದಾರನಾದ ಆ ನಿನ್ನ ಗೆಳೆಯನೂ ಹಿತ್ತಲಲ್ಲಿ ಬಿದ್ದ ಖಾಲಿ ಚಿಪ್ಪುಗಳನ್ನು ಆರಿಸಿ ತಂದು ಸ್ಕ್ಯಾನ್ ಮಾಡಿದೆವು. ಎಲ್ಲವೂ ಬಿಸಿಲಿಗೆ ಬಿಳಿಚಿಕೊಂಡು, ಅಂಚು ಮುಕ್ಕಾಗಿದ್ದವು. ನಮ್ಮ ತ್ರೀಡಿ ಪ್ರಿಂಟರಿನಿಂದ ಬಂದ ಮೊದಲ ದೀಪ ಯಾರೋ ಕಚ್ಚಿ ಬಿಟ್ಟ ಬನ್ನಿನ ಹಾಗಿತ್ತು. ಇಬ್ಬರೂ ನಕ್ಕೆವು. ಕಂಪ್ಯೂಟರಿನಲ್ಲಿ ಅಂಚನ್ನು ನಾನೇ ತಿದ್ದುತ್ತೇನೆ, ನಾಲ್ಕು ದಿನ ಕೊಡು ಎಂದೆ. ಅವನು ತಲೆಯಾಡಿಸಿದ.

ನಿನ್ನೆ ಬಂದಾಗ ಕೋಣೆಯೆಲ್ಲ ಕೆಸರು ಬೆಂದಂಥ ವಾಸನೆ. ಚರಂಡಿಯದಿರಬೇಕೆಂದು ಕಿಟಕಿ ತೆಗೆದು, ಅವನು ಕೊಟ್ಟ ಚಹಾ ಕುಡಿಯುತ್ತ ಕುಳಿತೆ. ಅರ್ಧ ಲೋಟ ಮುಗಿದಿತ್ತು. ಆಗ ಸ್ಕ್ಯಾನರಿನ ಪಕ್ಕ ಸಾಲಾಗಿ ಒರೆಸಿಟ್ಟ, ಹೊಳೆಯುವ ಚಿಪ್ಪುಗಳು ಕಂಡವು. ಅದರಾಚೆ ಕಾಗದದ ಮೇಲೆ ಗುಂಡುಸೂಜಿಯಿಂದ ಎಳೆದು ಹಾಕಿದ ಬೂದು ಮಾಂಸದ ಗುಡ್ಡೆ. ಕೆಲವುಗಳ ಕೊಂಬು ಇನ್ನೂ ಹೊರಗೇ ಇದ್ದವು. "ಜೀವ ಇದ್ರೆ ಅಲ್ಲಾಡ್ತಾವೆ ಅಕ್ಕ, ಸ್ಕ್ಯಾನ್ ಮಸುಕಾಗತ್ತೆ" ಎಂದ. ಯಾವುದರಲ್ಲಿ ಕುದಿಸಿದೆ ಎಂದು ಕೇಳಿದೆ. "ಇರೋದು ಒಂದೇ ಕೆಟಲ್ ಅಲ್ವಾ. ಚೆನ್ನಾಗಿ ತೊಳೆದಿದ್ದೀನಿ."

ಬಚ್ಚಲಿಗೆ ಓಡಿದೆ. ಎಷ್ಟು ಸಲ ಬಾಯಿ ಮುಕ್ಕಳಿಸಿದರೂ ನಾಲಿಗೆಯ ಮೇಲಿನ ಲೋಳೆ ಹೋದಂತಾಗಲಿಲ್ಲ. ಹಿಂದಿರುಗಿದರೆ ಪ್ರಿಂಟರ್ ಓಡುತ್ತಲೇ ಇತ್ತು. ದೀಪ ಸೊಗಸಾಗಿ ಬರುತ್ತಿತ್ತು, ಕಣೋ. ಎಳೆಯ ಮೇಲೆ ಎಳೆ ಕೂತು ಸುರುಳಿ ಏರುತ್ತಿತ್ತು. ಒಂದು ಗಳಿಗೆ ನಾನು ಬಾಯಿ ಒರೆಸಿಕೊಳ್ಳುತ್ತ ಅದನ್ನೇ ಮೆಚ್ಚಿ ನೋಡುತ್ತ ನಿಂತಿದ್ದೆ. ನನ್ನ ಮೇಲೆ ನನಗೇ ಹೇಸಿಗೆಯಾಯಿತು. ಯಂತ್ರ ನಿಲ್ಲಿಸಿ, ಸ್ಕ್ಯಾನುಗಳನ್ನೆಲ್ಲ ಅಳಿಸಿ, ಹೋಟೆಲಿನ ಮ್ಯಾನೇಜರಮ್ಮನಿಗೆ ಫೋನ್ ಮಾಡಿ ದೀಪ ಕೊಡಲಾಗುವುದಿಲ್ಲ ಎಂದೆ. ಕಾರಣ ಕೇಳಿದರು, ಹೇಳಿದೆ. "ಇದನ್ನೆಲ್ಲ ನಮಗೆ ಹೇಳಬಾರದಿತ್ತು ನೀವು" ಎಂದು ಫೋನಿಟ್ಟರು. ಮಾಡಿದ್ದು ಅವರಿಗೆ ದೊಡ್ಡದಾಗಲಿಲ್ಲ, ಹೇಳಿದ್ದು ದೊಡ್ಡದಾಯಿತು. ಆ ಗುಡ್ಡೆಯನ್ನು ಬಾಚಿ ಹಿತ್ತಲಲ್ಲಿ ಹೂತೆ. ಕೆಟಲನ್ನೂ ಜೊತೆಗೇ ಹೂತೆ, ನಗಬೇಡ.

ಚಿಕ್ಕಮ್ಮನಿಗೆ ನನ್ನ ನಮಸ್ಕಾರ ತಿಳಿಸು. ಬೇಗ ಬೆನ್ನು ನೆಟ್ಟಗಾಗಲಿ.

ನಿನ್ನ
ಅಕ್ಕ

ಲಕೋಟೆ ಅಂಟಿಸುವ ಮೊದಲು ಇನ್ನೊಂದು ಮಾತು: ನಾನು ಬೈಯುವಾಗ ನಿನ್ನ ಗೆಳೆಯ ತನ್ನ ಫೋನನ್ನು ನನ್ನ ಕಣ್ಣಮುಂದೆ ಹಿಡಿದ. "ಖಾಲಿ ಚಿಪ್ಪು ಬೇಡ, ಬದುಕಿರೋದನ್ನೇ ಹಿಡಿದು ಕುದಿಸು. ಅಕ್ಕನಿಗೆ ಹೇಳ್ಬೇಡ." ಸಂದೇಶದ ಮೇಲೆ ನಿನ್ನ ಹೆಸರಿತ್ತು. ಅದು ನೀನು ಬರೆದದ್ದಲ್ಲವಾದರೆ ಎರಡು ಸಾಲು ಬರೆದು ಹಾಕು. ನೀನೇ ಬರೆದದ್ದಾದರೆ ಪತ್ರ ಬೇಡ. ಎದ್ದು ಓಡಾಡುವಂತಾದ ದಿನ ಬಂದು, ನನ್ನ ಮುಖ ನೋಡಿಕೊಂಡು ಹೇಳು.